ಸಿಂಪ್ಯೂಟರ್

ಲಿನಕ್ಸ್ ಆಧಾರಿತ ಅಂಗೈ ಗಣಕ; ಮೊಬೈಲ್ ಸಾಧನಗಳ ಮುಕ್ತ ತಂತ್ರಾಂಶಕ್ಕೆ ಕರ್ನಾಟಕದ ಗಮನಾರ್ಹ ಕೊಡುಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳೊಡನೆ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಮಾದರಿ 2001ರಲ್ಲಿ ಹೊರಬಂತು. ಹಳ್ಳಿಗರನ್ನೂ ಮುಟ್ಟುವ ಹಂಬಲದ ಯೋಜನೆಯಿದು: ಸಾಧನ ಊರಿಗೊಂದಿದ್ದರೂ ಸಾಕಿತ್ತು, ಸ್ಮಾರ್ಟ್ ಕಾರ್ಡ್ ತೂರಿಸಿ ಒಬ್ಬೊಬ್ಬರೂ ತಮ್ಮ ಮಾಹಿತಿ ತೆರೆಯಬಹುದಿತ್ತು, ಸಾಧನ ಅದನ್ನು ಕನ್ನಡದಲ್ಲಿ ಓದಿಯೂ ಹೇಳುತ್ತಿತ್ತು. ಪರವಾನಗಿ ಇನ್ನೂ ದಿಟ್ಟದ್ದು. ತಂತ್ರಾಂಶವಷ್ಟೇ ಅಲ್ಲ, ಯಂತ್ರಾಂಶದ ವಿನ್ಯಾಸವೂ ಮುಕ್ತ. ಸುಧಾರಿಸಿ ಮಾರಿದವರು ವರ್ಷದೊಳಗೆ ಆ ಸುಧಾರಣೆಯನ್ನು ಎಲ್ಲರಿಗೂ ಬಿಟ್ಟುಕೊಡಬೇಕಿತ್ತು. 2004ರಲ್ಲಿ ಪಿಕೋಪೆಟಾ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜೊತೆ ಸೇರಿ ‘ಅಮಿಡಾ’ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಮಾರಾಟ ಮಾತ್ರ ನೀರಸ. ಆದರೂ ಇದು ಆಂಡ್ರಾಯ್ಡ್‌ಗಿಂತ ಮುಂಚಿನದು: ಆ ಮೊಬೈಲ್ ಕಾರ್ಯವ್ಯವಸ್ಥೆಯ ಮೂಲಸಂಕೇತ ಮುಕ್ತವಾದದ್ದು 2008ರಲ್ಲಿ. ಅದರ ಪರದೆಯ ಆಯ್ಕೆಗಳಿಗೆ ಕನ್ನಡ ಸೇರಿದ್ದು 2014ರ ಲಾಲಿಪಾಪ್ ಆವೃತ್ತಿಯಲ್ಲಿ.