ಡೀಸೆಲ್ ನಿಷ್ಕಾಸ ದ್ರವ (ವಸತಿವಾಹನಗಳಲ್ಲಿ)

ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳನ್ನು ನಿರುಪದ್ರವಿಗಳಾದ ಸಾರಜನಕ ಮತ್ತು ನೀರಾವಿಗಳನ್ನಾಗಿ ಪರಿವರ್ತಿಸುವ ಸಲುವಾಗಿ ಹೊಗೆಕೊಳವೆಯೊಳಗೆ ಸಿಂಪಡಿಸುವ, ಶುದ್ಧೀಕೃತ ಜಲದಲ್ಲಿ ಶೇಕಡ 32.5ರಷ್ಟು ಯೂರಿಯಾ ಕರಗಿರುವ ವರ್ಣರಹಿತ ದ್ರಾವಣ. ಯುರೋಪಿನಲ್ಲಿ ಇದು ಆ್ಯಡ್‌ಬ್ಲೂ ಎಂದೂ, 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಗೆ ಬಂದ ಭಾರತದಲ್ಲಿ ಡಿಇಎಫ್ ಎಂದೂ ಪರಿಚಿತ. ಮೇಲಿನ ಪ್ರಮಾಣವು ಯಾದೃಚ್ಛಿಕವಾದುದಲ್ಲ: ಆ ಪ್ರಮಾಣದಲ್ಲಿ ಮಾತ್ರವೇ ದ್ರಾವಣದ ಘನೀಭವನಬಿಂದು ಅತ್ಯಂತ ಕೆಳಕ್ಕೆ, ಎಂದರೆ −11 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದಲ್ಲದೆ, ಹೆಪ್ಪುಗಟ್ಟಿ ಮರಳಿ ಕರಗಿದರೂ ಅದರ ಸಾಂದ್ರತೆ ಕೆಡುವುದಿಲ್ಲ.

ನಿತ್ಯ ಓಡುವ ಲಾರಿಗಿಂತ, ಚಳಿಗಾಲವೆಲ್ಲ ನಿಂತಲ್ಲೇ ನಿಂತಿರುವ ವಸತಿವಾಹನಕ್ಕೇ ಇದರ ಉಪದ್ರವ ಅಧಿಕ. ನೀರಿನಂಶವು ಆರಿದೆಡೆಯಲ್ಲಿ ಉಳಿಯುವ ಬಿಳಿಯ ಹರಳುಗಳು ಸಿಂಪಡಿಕೆಯ ಸೂಕ್ಷ್ಮರಂಧ್ರವನ್ನು ಮುಚ್ಚುತ್ತವೆ. ಸೆಕೆಯಲ್ಲಿ ಬಹುಕಾಲವಿದ್ದ ದ್ರಾವಣ ಕ್ರಮೇಣ ಅಮೋನಿಯವಾಗಿ ವಿಘಟಿಸುತ್ತದೆ. ತೊಟ್ಟಿಯಲ್ಲಿ ದ್ರಾವಣದ ಮಟ್ಟ ಕುಸಿದಾಗ ಮೊದಲು ಎಚ್ಚರಿಕೆಯ ದೀಪ ಬೆಳಗಿ, ಇನ್ನೆಷ್ಟು ದೂರ ಸಾಗಬಹುದೆಂಬ ಎಣಿಕೆ ಆರಂಭವಾಗುವುದು; ಅದು ಶೂನ್ಯವನ್ನು ಮುಟ್ಟಿದ ಬಳಿಕ, ಅನೇಕ ವಾಹನಗಳಲ್ಲಿ ಓಡುತ್ತಿರುವ ಎಂಜಿನ್ ನಡುದಾರಿಯಲ್ಲಿ ನಿಲ್ಲದಿದ್ದರೂ ಒಮ್ಮೆ ಆರಿಸಿದರೆ ಪುನಃ ಚಾಲನೆಗೊಳ್ಳದು. ಜಿಪುಣತನದಿಂದ ಒಂದೆರಡು ಲೀಟರು ಮಾತ್ರ ಸುರಿದರೆ ಅನೇಕ ವಾಹನಗಳ ಮಾಪಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ತೊಟ್ಟಿ ತುಂಬಿದ್ದರೂ ಎಚ್ಚರಿಕೆ ಅಳಿಯದಿದ್ದಲ್ಲಿ ದೋಷವು ಮಟ್ಟಸಂವೇದಕ, ಪಂಪು, ತಾಪಕ ಅಥವಾ ಹೊಗೆಯ ಸಂವೇದಕದಲ್ಲಿರಬಹುದಾದುದರಿಂದ, ದೋಷಸಂಕೇತವನ್ನು ಓದಿಸದೆ ಬಿಡಿಭಾಗ ಬದಲಿಸುವುದು ಹಣದ ಅಪವ್ಯಯ. ನಲ್ಲಿಯ ನೀರನ್ನು ಬೆರೆಸಿದರೆ ಅದರ ಖನಿಜಾಂಶಗಳು ಹೊಗೆಕೊಳವೆಯಲ್ಲಿ ಆಕ್ಸೈಡುಗಳ ಪರಿವರ್ತನೆಯನ್ನು ನಡೆಸುವ ವೇಗವರ್ಧಕವನ್ನು ಕೆಡಿಸುತ್ತವೆ. ಪ್ರಮಾದವಶಾತ್ ದ್ರಾವಣವನ್ನು ಡೀಸೆಲ್ ತೊಟ್ಟಿಗೆ ಸುರಿದಾಗ ಕೀಲಿಯನ್ನು ತಿರುಗಿಸದೆ ತೊಟ್ಟಿಯನ್ನು ಬರಿದುಮಾಡಿಸತಕ್ಕದ್ದು.