ಹೊಟ್ಟೆಯ ವೈದ್ಯರ ಚೀಟಿಯಲ್ಲಿರುವ ಹೆಸರುಗಳು

ಹೊಟ್ಟೆಯ ಸಂಕಟವನ್ನು ಹೇಳಿಕೊಳ್ಳಲು ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಹೊಟ್ಟೆಯುಬ್ಬರ, ಎದೆಯುರಿ, ಹುಳಿತೇಗು, ಕರುಳು ಕಿವುಚಿದಂಥ ನೋವು ಎಂದು ನಮ್ಮ ಅಜ್ಜಿಯಂದಿರು ಒಂದೊಂದಕ್ಕೂ ಒಂದೊಂದು ಹೆಸರಿಟ್ಟು, ಅದಕ್ಕೆ ತಕ್ಕ ಕಷಾಯವನ್ನೂ ಗೊತ್ತುಮಾಡಿದ್ದರು. ಆದರೆ ಮುಂಬಯಿಯಂಥ ಊರಿನಲ್ಲಿ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಿದೊಡನೆ ಈ ಮಾತುಗಳೆಲ್ಲ ಬಾಗಿಲಾಚೆಯೇ ಉಳಿದುಬಿಡುತ್ತವೆ. ತಾಯಿ ಕನ್ನಡದಲ್ಲಿ ನರಳುತ್ತಾರೆ, ಮಗ ಅದನ್ನು ಹಿಂದಿಗೆ ತಿರುಗಿಸುತ್ತಾನೆ, ವೈದ್ಯರು ಚೀಟಿಯಲ್ಲಿ ಬರೆಯುವುದು ಮಾತ್ರ ಗ್ರೀಕ್. ಆಮೇಲೆ ಶಸ್ತ್ರಕ್ರಿಯೆಯ ಒಪ್ಪಿಗೆಪತ್ರಕ್ಕೆ ರುಜು ಹಾಕಬೇಕಾದವರು ನಾವು.

ಕಚೇರಿಯಲ್ಲಿ ಮೆಡಿಕಲ್ ಬಿಲ್ಲುಗಳನ್ನು ಪರಿಶೀಲಿಸುವ ಮೇಜಿನಲ್ಲಿ ಕೆಲವು ವರ್ಷ ಕುಳಿತದ್ದರಿಂದ ಈ ಉದ್ದುದ್ದ ಹೆಸರುಗಳ ಪರಿಚಯ ನನಗಾಯಿತು. ಬಿ.ಎಸ್ಸಿ.ಯಲ್ಲಿ ಓದಿದ್ದು ಅಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು. ಬಿಡಿಸಿ ನೋಡುತ್ತ ಹೋದರೆ ಒಂದೊಂದು ಹೆಸರಿನ ಹಿಂದೆಯೂ ಇತಿಹಾಸವಿದೆ. ಕೆಲವೆಡೆ ರೋಗಿಯ ಜೀವವೇ ಆ ಹೆಸರನ್ನು ಅವಲಂಬಿಸಿದ್ದುಂಟು.

ಅಂಗಗಳ ಹೆಸರುಗಳು ಬಹಳ ಹಳೆಯವು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಎಂಬ ವೈದ್ಯನು ಜಠರದಿಂದ ಮುಂದಕ್ಕೆ ಹೊರಡುವ ಕರುಳಿನ ಮೊದಲ ಭಾಗವನ್ನು ಅಳೆದು 'ಹನ್ನೆರಡು ಬೆರಳು' ಎಂದು ಕರೆದನು. ಅದೇ ಲ್ಯಾಟಿನ್ನಿಗೆ ಹೋಗಿ ಡುಯೋಡಿನಂ ಆಯಿತು. ನಮ್ಮ ಲೆಕ್ಕದಲ್ಲಿ ಹನ್ನೆರಡು ಅಂಗುಲ, ಅಂದರೆ ಒಂದು ಗೇಣು. ಇಂದಿನ ಪುಸ್ತಕಗಳು ಹೇಳುವ ಸುಮಾರು 25 ಸೆಂಟಿಮೀಟರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಅದರ ಮುಂದಿನ ಭಾಗ ಜೆಜುನಂ. ಹೆಣಗಳನ್ನು ಸೀಳಿ ನೋಡಿದಾಗ ಅದು ಸಾಮಾನ್ಯವಾಗಿ ಬರಿದಾಗಿರುತ್ತಿದ್ದುದರಿಂದ 'ಉಪವಾಸದ ಕರುಳು' ಎಂಬ ಅರ್ಥದ ಹೆಸರು ಬಂತು. ಕೊನೆಯ ಭಾಗ ರೆಕ್ಟಂ ಎಂದರೆ 'ನೆಟ್ಟಗಿರುವುದು'. ಪ್ರಾಣಿಗಳನ್ನು ಸೀಳಿ ಕಲಿತ ಹಳಬರು ಇಟ್ಟ ಹೆಸರು ಅದು. ಮನುಷ್ಯನಲ್ಲಿ ಆ ಭಾಗ ಬಾಗಿಕೊಂಡಿದೆ, ಆದರೂ ಹೆಸರನ್ನು ಯಾರೂ ತಿದ್ದಲಿಲ್ಲ. ಪ್ಯಾಂಕ್ರಿಯಾಸ್ ಎಂದರೆ 'ಪೂರಾ ಮಾಂಸ', ಅಷ್ಟೆ. ಇಲ್ಲಿ ಮಾತ್ರ ಕನ್ನಡದ ಹೆಸರೇ ಮೇಲು ಎಂದು ನನ್ನ ಅಭಿಪ್ರಾಯ. ಮೇದಸ್ಸನ್ನು ಜೀರ್ಣಿಸುವುದು ಮೇದೋಜೀರಕ. ಅಂಗದ ಕೆಲಸ ಹೆಸರಿನಲ್ಲೇ ಇದೆ.

ಹೆಸರು ಬದಲಾದಾಗ ಚಿಕಿತ್ಸೆಯೂ ಬದಲಾದ ಉದಾಹರಣೆಯೆಂದರೆ ಅಪೆಂಡಿಸೈಟಿಸ್. ಅಪೆಂಡಿಕ್ಸ್ ಎಂದರೆ ಅನುಬಂಧ. ಸರಕಾರಿ ವರದಿಗಳ ಕೊನೆಯಲ್ಲಿರುವ ಅನುಬಂಧದ ಹಾಗೆಯೇ ದೊಡ್ಡ ಕರುಳಿನ ಆರಂಭದಲ್ಲಿ ನೇತಾಡುವ ಈ ಬಾಲಂಗೋಚಿಯನ್ನೂ ಶತಮಾನಗಳ ಕಾಲ ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಹೊಟ್ಟೆಯ ಬಲಭಾಗದಲ್ಲಿ ನೋವು ಕಾಣಿಸಿಕೊಂಡು, ಜ್ವರ ಬಂದು, ಕೀವು ಕಟ್ಟಿ ಜನ ಸಾಯುತ್ತಿದ್ದರು. ವೈದ್ಯರು ಅದನ್ನು ಟಿಫ್ಲೈಟಿಸ್, ಪೆರಿಟಿಫ್ಲೈಟಿಸ್ ಎಂದು ಕರೆದರು. ದೊಡ್ಡ ಕರುಳಿನ ಮೊದಲ ಚೀಲವೂ ಅದರ ಸುತ್ತಲೂ ಉರಿಯೂತಗೊಂಡಿದೆ ಎಂದು ಅದರ ಅರ್ಥ. ಹೆಸರು ತಪ್ಪು ಜಾಗವನ್ನು ತೋರಿಸುತ್ತಿದ್ದರೆ ಶಸ್ತ್ರವೈದ್ಯನ ಕೈ ಸರಿಯಾದ ಜಾಗಕ್ಕೆ ಹೋಗುವುದಾದರೂ ಹೇಗೆ? ಅಫೀಮು ಕೊಟ್ಟು ಮಲಗಿಸಿ ಕಾಯುವುದೇ ಚಿಕಿತ್ಸೆಯಾಗಿತ್ತು. ಹಾಗೆಂದು ಅಪೆಂಡಿಕ್ಸನ್ನು ಯಾರೂ ಕತ್ತರಿಸಿರಲಿಲ್ಲವೆಂದಲ್ಲ. 1735ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಕ್ಲಾಡಿಯಸ್ ಅಮ್ಯಾಂಡ್ ಎಂಬವರು ಒಬ್ಬ ಹುಡುಗನ ಹರ್ನಿಯಾದ ಶಸ್ತ್ರಕ್ರಿಯೆ ಮಾಡುವಾಗ, ಒಳಗೆ ಗುಂಡುಸೂಜಿ ಸಿಕ್ಕಿಕೊಂಡಿದ್ದ ಅಪೆಂಡಿಕ್ಸನ್ನು ತೆಗೆದಿದ್ದರು, ಹುಡುಗ ಬದುಕಿದ. ಆದರೆ ಅದು ಒಂದು ವಿಚಿತ್ರ ಪ್ರಸಂಗವಾಗಿ ಉಳಿಯಿತೇ ಹೊರತು ರೋಗಕ್ಕೆ ಹೆಸರಾಗಲಿಲ್ಲ.

1886ರಲ್ಲಿ ಹಾರ್ವರ್ಡಿನ ರೆಜಿನಾಲ್ಡ್ ಫಿಟ್ಸ್ ವಾಷಿಂಗ್ಟನ್ನಿನ ವೈದ್ಯರ ಸಭೆಯೊಂದರಲ್ಲಿ ಪ್ರಬಂಧ ಓದಿದರು. ಅಪೆಂಡಿಕ್ಸ್ ತೂತುಬಿದ್ದ 257 ಪ್ರಕರಣಗಳನ್ನು ಕಲೆಹಾಕಿ, ಈ ಎಲ್ಲ ಅನಾಹುತಕ್ಕೂ ಮೂಲ ಆ ಪುಟ್ಟ ಬಾಲಂಗೋಚಿಯೇ, ರೋಗದ ಹೆಸರು ಅಪೆಂಡಿಸೈಟಿಸ್ ಎಂದಾಗಲಿ, ಉಲ್ಬಣಿಸಿದರೆ ತಡಮಾಡದೆ ಶಸ್ತ್ರಕ್ರಿಯೆಯಾಗಲಿ ಎಂದರು. ಫಿಟ್ಸ್ ಸ್ವತಃ ಶಸ್ತ್ರವೈದ್ಯರಲ್ಲ, ರೋಗಶಾಸ್ತ್ರಜ್ಞರು. ಕತ್ತಿ ಹಿಡಿಯದವರೊಬ್ಬರು ಕತ್ತಿ ಹಿಡಿದವರಿಗೆ ದಾರಿ ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಹಳೆಯ ಹೆಸರು ಮಾತ್ರ ಸುಲಭವಾಗಿ ಹೋಗಲಿಲ್ಲ. 1902ರ ಜೂನ್ 26ರಂದು ಲಂಡನ್ನಿನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ನಿಶ್ಚಯವಾಗಿತ್ತು. ಎರಡು ದಿನ ಮೊದಲು ಅರಮನೆಯಲ್ಲೇ ದೊರೆಯ ಹೊಟ್ಟೆ ಕೊಯ್ಯಬೇಕಾಯಿತು. ಪ್ರಕಟಣೆಯಲ್ಲಿ ಕೊಟ್ಟ ಕಾಯಿಲೆಯ ಹೆಸರು ಆಗಲೂ ಪೆರಿಟಿಫ್ಲೈಟಿಸ್! ಶಸ್ತ್ರಕ್ರಿಯೆ ಮಾಡಿದ ಫ್ರೆಡರಿಕ್ ಟ್ರೀವ್ಸ್ ಇದೇ ಕಾಯಿಲೆಯಲ್ಲಿ ಎರಡು ವರ್ಷ ಮೊದಲಷ್ಟೇ ಸ್ವಂತ ಮಗಳನ್ನು ಕಳೆದುಕೊಂಡಿದ್ದರು. ಅವರು ಕೀವನ್ನು ಮಾತ್ರ ಹೊರಕ್ಕೆ ಬಿಟ್ಟರು, ಅಪೆಂಡಿಕ್ಸನ್ನು ತೆಗೆಯಲಿಲ್ಲ. ದೊರೆ ಗುಣವಾಗಿ ಆಗಸ್ಟ್ 9ರಂದು ಕಿರೀಟ ಧರಿಸಿದ. ಇಂಗ್ಲಿಷಿನ ಮಹಾನಿಘಂಟಾದ ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ಅಪೆಂಡಿಸೈಟಿಸ್ ಎಂಬ ಶಬ್ದವೇ ಇಲ್ಲ. ಆ ಅಕ್ಷರದ ಭಾಗ 1885ರಲ್ಲೇ ಅಚ್ಚಾಗಿ ಹೋಗಿತ್ತು. 1933ರ ಪುರವಣಿಯವರೆಗೆ ಕಾಯಬೇಕಾಯಿತು.

ಕೀವು ಬಿಡುವುದು ಬೇರೆ, ಅಂಗ ತೆಗೆಯುವುದು ಬೇರೆ. ಈ ವ್ಯತ್ಯಾಸವೆಲ್ಲ ಹೆಸರಿನ ಬಾಲದಲ್ಲಿರುತ್ತದೆ. ಕೊನೆಯಲ್ಲಿ 'ಟಮಿ' ಎಂದಷ್ಟೇ ಇದ್ದರೆ ಕೊಯ್ದು ತೆರೆಯುವುದು, 'ಎಕ್ಟಮಿ' ಇದ್ದರೆ ಕತ್ತರಿಸಿ ತೆಗೆಯುವುದು, 'ಆಸ್ಟಮಿ' ಇದ್ದರೆ ಹೊಸ ಬಾಯಿ ಮಾಡುವುದು. 1881ರ ಜನವರಿಯಲ್ಲಿ ವಿಯೆನ್ನಾದ ಬಿಲ್ರೋತ್ ಕ್ಯಾನ್ಸರ್ ಹಿಡಿದ ಜಠರದ ಭಾಗವನ್ನು ತೆಗೆದು ಉಳಿದದ್ದನ್ನು ಕರುಳಿಗೆ ಹೊಲಿದರು, ಅದು ಗ್ಯಾಸ್ಟ್ರೆಕ್ಟಮಿ. ಆ ಹೆಣ್ಣುಮಗಳು ಬದುಕಿದ್ದು ಸುಮಾರು ನಾಲ್ಕೇ ತಿಂಗಳು, ಆದರೂ ಇಂದಿನವರೆಗೆ ಆ ಶಸ್ತ್ರಕ್ರಿಯೆಗೆ ಬಿಲ್ರೋತರ ಹೆಸರಿದೆ. ಮರುವರ್ಷ ಬರ್ಲಿನ್ನಿನ ಲಾಂಗನ್‌ಬುಕ್ ಕಲ್ಲುಗಟ್ಟಿದ ಪಿತ್ತಕೋಶವನ್ನೇ ತೆಗೆದರು, ಅದು ಕೊಲೆಸಿಸ್ಟೆಕ್ಟಮಿ. ಇದನ್ನು ಕೊಲೆಕ್ಟಮಿಯೊಂದಿಗೆ ಬೆರೆಸಬಾರದು. ಅಲ್ಲಿ ಹೋಗುವುದು ದೊಡ್ಡ ಕರುಳು! ಕೊಲಾಸ್ಟಮಿ ಎಂದರೆ ದೊಡ್ಡ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು, ಅಲ್ಲಿ ಚೀಲ ಕಟ್ಟುವುದು. ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಹೆಸರು ಹೇಳುವುದಿಲ್ಲ. ರುಜುವಿಗೆ ಮುಂಚೆ ಕೇಳಿಯೇ ತಿಳಿಯಬೇಕು.

'ಸ್ಕೋಪಿ' ಎಂದಿದ್ದರೆ ನೋಡುವುದು ಎಂದರ್ಥ. ಪಕ್ಕದಲ್ಲಿ ಬಯಾಪ್ಸಿ ಎಂದೂ ಬರೆದಿದ್ದರೆ ಪರೀಕ್ಷೆಗಾಗಿ ಸಾಸಿವೆಯಷ್ಟು ತುಣುಕು ತೆಗೆಯುತ್ತಾರೆ. ಆ ಶಬ್ದ ಕಂಡೊಡನೆ ಕ್ಯಾನ್ಸರೇ ಎಂದು ಹೆದರಬೇಕಾಗಿಲ್ಲ. ಜಠರದೊಳಗೆ ಇಣುಕುವ ಆಸೆ 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಎಂಬವರಿಗೆ ಬಂತು. ಗಟ್ಟಿಯಾದ ನೇರ ಕೊಳವೆಯನ್ನು ನುಂಗುವವರಾರು? ಅವರು ಕತ್ತಿ ನುಂಗುವ ಆಟಗಾರನೊಬ್ಬನನ್ನು ಹಿಡಿದರು. ಅವನು ಕೊಳವೆಯನ್ನು ನುಂಗಿದ, ಆದರೆ ಬೆಳಕು ಸಾಲದೆ ಒಳಗೆ ಸರಿಯಾಗಿ ಏನೂ ಕಾಣಲಿಲ್ಲ. ಬೆಳಕನ್ನು ಬಾಗಿಸಿ ಒಯ್ಯುವ ಉಪಾಯದಲ್ಲಿ ನಮ್ಮ ದೇಶದವರೊಬ್ಬರ ಪಾಲಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಎಂಬ ಪ್ರಾಧ್ಯಾಪಕರೊಂದಿಗೆ ಸೇರಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಓದಿದ ಹಿರ್ಷೋವಿಟ್ಸ್ ಎಂಬ ವೈದ್ಯರು ಅಮೆರಿಕದಲ್ಲಿ ಬಾಗುವ ಎಂಡೋಸ್ಕೋಪನ್ನು ತಯಾರಿಸಿ, 1957ರಲ್ಲಿ ಮೊದಲು ತಾವೇ ನುಂಗಿ ನೋಡಿದರು.

ಮುಂದೆ ಕ್ಯಾಮೆರಾ ಬಂತು. ಹೊಟ್ಟೆಯಲ್ಲಿ ಕೆಲವು ಸಣ್ಣ ತೂತುಗಳನ್ನು ಮಾಡಿ ಒಳಗಿನದನ್ನು ಪರದೆಯ ಮೇಲೆ ನೋಡುತ್ತ ಕೆಲಸ ಮಾಡುವುದೇ ಲ್ಯಾಪರೋಸ್ಕೋಪಿ. ಈ ಬಗೆಯಲ್ಲಿ ಪಿತ್ತಕೋಶವನ್ನು ಮೊದಲು ತೆಗೆದವರು ಜರ್ಮನಿಯ ಎರಿಕ್ ಮ್ಯೂಹೆ, 1985ರಲ್ಲಿ. ನಮ್ಮ ದೇಶದಲ್ಲಿ ಇದು ಮೊದಲು ನಡೆದದ್ದು ಇದೇ ಮುಂಬಯಿಯಲ್ಲಿ. 1990ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್‌ಟನ್ ಉಡ್ವಾಡಿಯಾ ಇದನ್ನು ಮಾಡಿದರು. ಇದಕ್ಕೆ ಜನ ಗ್ರೀಕ್ ಹೆಸರನ್ನು ಕಾಯುತ್ತ ಕೂರಲಿಲ್ಲ. ಹಿಂದಿಯವರು 'ದೂರ್‌ಬೀನ್ ಸೇ ಆಪರೇಶನ್' ಎಂದರು, ಮರಾಠಿ ನೆರೆಯವರು 'ದುರ್ಬಿಣ್' ಎಂದರು. ನಮ್ಮ ಹಳ್ಳಿಗಳಲ್ಲಿ ದೂರದ ಗುಡ್ಡ ನೋಡುವ ಸಾಧನಕ್ಕೆ ದುರ್ಬೀನು ಎಂಬ ಹೆಸರು ಮೊದಲಿನಿಂದಲೂ ಇದೆ. ಊರಿನಿಂದ ಬಂದ ಹಿರಿಯರಿಗೆ ಲ್ಯಾಪರೋಸ್ಕೋಪಿಕ್ ಕೊಲೆಸಿಸ್ಟೆಕ್ಟಮಿ ಎಂಬುದನ್ನು ವಿವರಿಸಬೇಕಾದಾಗ ನಾನು 'ದುರ್ಬೀನು ಇಟ್ಟು ಪಿತ್ತಕೋಶ ತೆಗೆಯುತ್ತಾರೆ' ಎನ್ನುತ್ತೇನೆ. ಅವರು ತಲೆಯಾಡಿಸಿ, ಮನೆಗೆ ಯಾವತ್ತು ಬಿಡುತ್ತಾರೆ ಎಂದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ.