ಊರಿಗೆ ಬಂದ ದಿನಗಳ ಲೆಕ್ಕ

ಲಂಡನ್ನಿನ ಲೆವೀನ್ ಎಂಬವರು 1918ರಲ್ಲಿ ಮನೆ ಬಿಟ್ಟರು. 1919ರ ಕೊನೆಗೆ ದೇಶವನ್ನೂ ಬಿಟ್ಟರು. ಮುಂದೆ ಐದು ವರ್ಷ ಅವರಿಗೆ ಸ್ವಂತ ಮನೆಯಿಲ್ಲ, ಹೋಟೆಲುಗಳಲ್ಲೇ ವಾಸ. ವರ್ಷಕ್ಕೆ ಏಳೆಂಟು ತಿಂಗಳು ಹೊರಗೆ, ನಾಲ್ಕೈದು ತಿಂಗಳು ಇಂಗ್ಲೆಂಡಿನಲ್ಲಿ. ಬರುತ್ತಿದ್ದುದು ವೈದ್ಯರನ್ನು ಕಾಣಲು, ನೆಂಟರನ್ನು ನೋಡಲು, ತಂದೆತಾಯಿಯ ಸಮಾಧಿಗೆ ಹೋಗಲು, ಯಹೂದಿ ಆಚರಣೆಗಳಲ್ಲಿ ಸೇರಲು ಮತ್ತು ತೆರಿಗೆಯ ವ್ಯವಹಾರ ಮುಗಿಸಲು. ತಾನು ಅಲ್ಲಿನ ನಿವಾಸಿಯಲ್ಲ, ತೆರಿಗೆ ವಿನಾಯಿತಿ ಬೇಕು ಎಂಬುದು ಅವರ ವಾದ. 1928ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ವರ್ಷವರ್ಷವೂ ಅವರನ್ನು ಎಳೆದು ತಂದ ಆ ನಂಟುಗಳೇ ಅವರ ವಿರುದ್ಧ ಸಾಕ್ಷಿಯಾದವು.

ನಮ್ಮ 1961ರ ಆದಾಯ ತೆರಿಗೆ ಕಾಯ್ದೆ ನಂಟನ್ನು ಕೇಳದೆ ದಿನ ಎಣಿಸಿತು. ಮೊದಲು ಭಾರತದಲ್ಲಿ ಮನೆ ಇಟ್ಟುಕೊಂಡಿದ್ದೂ ಲೆಕ್ಕಕ್ಕೆ ಬರುತ್ತಿತ್ತು; 1980ರ ದಶಕದಲ್ಲಿ ಆ ಷರತ್ತು ಹೋಯಿತು. ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದವರು ನಿವಾಸಿ. ಬಹುಕಾಲ ಹೊರಗಿದ್ದು ಮರಳಿದವರಿಗೆ ಕೆಲವು ವರ್ಷ ರಿಯಾಯಿತಿಯುಂಟು. ಅದು ಮುಗಿದರೆ ಹೊರದೇಶದ ಬ್ಯಾಂಕ್ ಖಾತೆ, ಷೇರು, ಬಾಡಿಗೆ ಎಲ್ಲವನ್ನೂ ರಿಟರ್ನಿನಲ್ಲಿ ತೋರಿಸಬೇಕು. ಮುಚ್ಚಿಟ್ಟರೆ 10 ಲಕ್ಷ ರೂಪಾಯಿ ದಂಡ ವಿಧಿಸಲು 2015ರ ಕಪ್ಪುಹಣ ಕಾಯ್ದೆ ದಾರಿ ಮಾಡಿತು.

ಎಣಿಕೆಯಲ್ಲಿ ಒಂದು ನ್ಯಾಯವಿದೆ: ಯಾರ ಮನಸ್ಸು ಎಲ್ಲಿದೆ ಎಂದು ಅಧಿಕಾರಿ ಊಹಿಸಬೇಕಿಲ್ಲ. ಆದರೆ ಕಾಯಿಲೆ ಬಿದ್ದ ಅಮ್ಮನ ಹಾಸಿಗೆಯ ಪಕ್ಕ ಕಳೆದ ದಿನವೂ ಮದುವೆಮನೆಯಲ್ಲಿ ಕಳೆದ ದಿನವೂ ಅದಕ್ಕೆ ಒಂದೇ. ಕೊಲ್ಲಿ ರಾಷ್ಟ್ರದಿಂದ ಮಂಗಳೂರಿಗೆ ಬಂದಿಳಿದವರ ಪಾಸ್‌ಪೋರ್ಟಿನ ಮೊಹರಿನಲ್ಲಿ ತಾರೀಖು ಮಾತ್ರ ಇರುತ್ತದೆ. ಬಂದ ಕಾರಣ ಇರುವುದಿಲ್ಲ.